ಹೊರದೇಶದಿಂದ ಬಂದು ಮಡಿಕೇರಿ ಪಟ್ಟಣದಲ್ಲೇ ಚೆಂದವಾಗಿ, ಅಚ್ಚುಕಟ್ಟಾಗಿ ಮದುವೆ ಮಾಡಿಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಒಂಬತ್ತು ವರ್ಷ ಸಿಂಗಪುರದಲ್ಲಿದ್ದೆ, ಹುಡುಗ ವಿರಾಜಪೇಟೆ ಕಡೆಯವನು, ಇಬ್ಬರೂ ಕೊಡವರು. ರೆಸಾರ್ಟ್ ಮದುವೆ ಬೇಡ, ಮಡಿಕೇರಿ ಪಟ್ಟಣದೊಳಗೇ ಆಗಬೇಕು, ಸಂಜೆಗೆ ಒಂದು ರಿಸೆಪ್ಶನ್ ಬೇಕು, ಸುಮಾರು 600 ಜನ. ಡಿಸೆಂಬರ್‌ನಲ್ಲಿ ಮೂರು ವಾರ ರಜೆ. ಪ್ಲ್ಯಾನರ್ ಹಿಡಿಯಬೇಕಾ?

ನನ್ನ ಮದುವೆಯೂ ಹೆಚ್ಚುಕಡಿಮೆ ಹೀಗೇ ಆಯಿತು. ಎಂಟು ವರ್ಷ ಡಬ್ಲಿನ್‌ನಲ್ಲಿದ್ದು ಬಂದವಳು ನಾನು. ಅಲ್ಲಿಯ ಮಳೆ ನೋಡಿದರೆ ಊರು ನೆನಪಾಗುತ್ತೆ ಅಂತ ಎಲ್ಲರ ಹತ್ತಿರವೂ ಹೇಳುತ್ತಿದ್ದೆ. ಸುಳ್ಳು. ಅಲ್ಲಿಯದು ಜಿಟಿಜಿಟಿ. ನಮ್ಮದು ಮಳೆ.

ಪ್ಲ್ಯಾನರ್ ವಿಷಯ ಮೊದಲು ಮುಗಿಸುತ್ತೇನೆ. ನಾನು ಬೆಂಗಳೂರಿನ ಒಬ್ಬರನ್ನು ಹಿಡಿದಿದ್ದೆ. ಮೂರನೇ ವಿಡಿಯೊ ಕಾಲ್‌ನಲ್ಲಿ ಅವರು ಕಾರ್ಯಕ್ರಮದ ಪಟ್ಟಿ ತೋರಿಸಿದರು. ಮೆಹಂದಿ, ಸಂಗೀತ್, ವರಮಾಲೆ. ಕೊನೆಗೆ, "ಪುರೋಹಿತರು ಎಷ್ಟು ಗಂಟೆಗೆ ಬರ್ತಾರೆ ಮೇಡಂ? ಅವರಿಗೆ ರೂಮ್ ಬೇಕಾಗುತ್ತಾ?" ಅಂದರು. ಮಡಿಕೇರಿಯಿಂದ ಕಾಲ್‌ಗೆ ಸೇರಿದ್ದ ಅವ್ವ ಕ್ಯಾಮೆರಾ ಆಫ್ ಮಾಡಿಕೊಂಡು ನಕ್ಕಳು. ಮೈಕ್ ಆಫ್ ಮಾಡೋದು ಮರೆತಿದ್ದಳು.

ಕೊಡವರಲ್ಲದವರೂ ಇದನ್ನು ಓದಬಹುದು, ಅವರಿಗಾಗಿ ಒಂದು ಮಾತು. ನಮ್ಮ ಮದುವೆಗೆ ಪುರೋಹಿತರಿಲ್ಲ, ಹೋಮ ಇಲ್ಲ. ಮದುಮಕ್ಕಳು ಮುಕ್ಕಾಲಿ ಮೇಲೆ ದೀಪದ ಎದುರು ಕೂರುತ್ತಾರೆ. ಬಂದವರು ಒಬ್ಬೊಬ್ಬರಾಗಿ ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ, ಅಂದರೆ ಮೂತಿಯಿರುವ ಚೊಂಬಿನಿಂದ, ಒಂದು ಗುಟುಕು ಹಾಲು ಕುಡಿಸಿ ಹರಸುತ್ತಾರೆ. ಮೊದಲು ತಾಯಿ. ಆಮೇಲೆ ಉಳಿದವರು.

ಆ ಪ್ಲ್ಯಾನರ್ ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ ಅಷ್ಟೇ. ನಿಮ್ಮ ಒಕ್ಕದಲ್ಲೋ (ಮನೆತನದಲ್ಲೋ) ನೆಂಟರಲ್ಲೋ ಹತ್ತಾರು ಮದುವೆ ನಿಂತು ಮಾಡಿಸಿದ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಹಿಡಿಯಿರಿ. ನಮ್ಮಲ್ಲಿ ಅದು ನನ್ನ ಮಾವ, ಅವ್ವನ ಅಣ್ಣ. ನಾನು ಡಬ್ಲಿನ್‌ನಿಂದ ಹದಿನಾಲ್ಕು ಬಣ್ಣದ ಒಂದು ಸ್ಪ್ರೆಡ್‌ಶೀಟ್ ಕಳಿಸಿದ್ದೆ. ಊರಿಗೆ ಬಂದು ನೋಡಿದರೆ ಮಾವ ಅದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ತಮ್ಮ ಪಟ್ಟಿ ಬರೆದಿಟ್ಟಿದ್ದರು. ವಾಲಗದವರು, ಬಾಳೆದಿಂಡು, ಕಿಂಡಿ, ಮುಕ್ಕಾಲಿ, ಕೊಡೆ. ನನ್ನ ಹಾಳೆಯಲ್ಲಿ ಇವು ಒಂದೂ ಇರಲಿಲ್ಲ. 'ಸೆಲ್ಫಿ ಜಾಗ' ಅಂತ ಒಂದು ಸಾಲು ಇತ್ತು.

ಪ್ಲ್ಯಾನರ್ ಬೇಕೇ ಬೇಕು ಅಂದರೆ ವಾಹನ, ರೂಮು, ಜನರೇಟರ್, ಕುರ್ಚಿ, ಇಷ್ಟಕ್ಕೆ ಮಾತ್ರ ಇಟ್ಟುಕೊಳ್ಳಿ. ಮಂಟಪದೊಳಗಿನದು ಮನೆಯವರ ಕೈಯಲ್ಲಿರಲಿ.

ಈಗ ಚೆಂದದ ವಿಷಯ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ನಿಮ್ಮ ಮದುವೆಯ ಹಾಲ್ ಒಳಗೆ ಯಾರ್ಯಾರು ಏನೇನು ಉಟ್ಟಿರುತ್ತಾರೆ ಅಂತ ಸ್ವಲ್ಪ ನೆನೆಸಿಕೊಳ್ಳಿ. ಇನ್ನೂರು ಗಂಡಸರು ಕಪ್ಪು ಕುಪ್ಯದಲ್ಲಿ (ನಮ್ಮ ಉದ್ದ ನಿಲುವಂಗಿ), ಸೊಂಟಕ್ಕೆ ಕಟ್ಟಿದ ಕೆಂಪು ಚೇಲೆ, ಚೇಲೆಯಲ್ಲಿ ಬೆಳ್ಳಿಯ ಪೀಚೆಕತ್ತಿ. ಅವರ ನಡುವೆ ಮದುಮಗ ಒಬ್ಬನೇ ಬಿಳಿ ಕುಪ್ಯದಲ್ಲಿ. ಹೆಂಗಸರು ನೆರಿಗೆ ಹಿಂದಕ್ಕೆ ಬಿಟ್ಟ ಸೀರೆಯಲ್ಲಿ, ನೀವು ಕೆಂಪು ಸೀರೆಯಲ್ಲಿ, ತಲೆಗೆ ವಸ್ತ್ರ. ಇಷ್ಟು ಬಣ್ಣ ಜನರ ಮೈಮೇಲೇ ಇರುವಾಗ ಹಿಂದೆ ನೇರಳೆ ಆರ್ಕಿಡ್ ಗೋಡೆ ಯಾಕೆ? ಡೆಕೊರೇಷನ್‌ನವರು ನನಗೆ ಕಳಿಸಿದ ಚಿತ್ರದಲ್ಲಿ ಅದೂ ಇತ್ತು, ನಮ್ಮಿಬ್ಬರ ಹೆಸರಿನ ಮೊದಲ ಅಕ್ಷರಗಳ ಎಲ್‌ಇಡಿ ಬೋರ್ಡೂ ಇತ್ತು, ಹೊಗೆ ಬಿಡುವ ಮಷೀನೂ ಇತ್ತು. ಎಲ್ಲ ತೆಗೆಸಿದೆ. ಬಿಳಿ ಬಟ್ಟೆ, ಮಾವಿನೆಲೆ, ಹಿತ್ತಾಳೆ ದೀಪ ಉಳಿಯಿತು. ಫೋಟೊ ಈಗ ನೋಡಿದರೂ ಕಣ್ಣು ಜನರ ಮೇಲೆ ಹೋಗುತ್ತದೆ. ದುಡ್ಡೂ ಉಳಿಯಿತು, ಅದನ್ನು ಯಾಕೆ ಮುಚ್ಚಿಡಲಿ.

ಆದರೂ ಡೆಕೊರೇಷನ್‌ನವರು ಒಂದು ಎಡವಟ್ಟು ಮಾಡಿದರು. ದಿಬ್ಬಣ ಬಂದಾಗ ಬಾಳೆದಿಂಡು ಕಡಿಯುವ ಶಾಸ್ತ್ರ ನಮ್ಮಲ್ಲಿದೆಯಲ್ಲ, ಆ ದಿಂಡುಗಳಿಗೆ ಹೂ ಸುತ್ತುವುದಕ್ಕೆ ಕಬ್ಬಿಣದ ತಂತಿ ಬಳಸಿದ್ದರು. ಹೂವಿನ ಅಡಿಯಲ್ಲಿ ತಂತಿ ಕಾಣುತ್ತಿರಲಿಲ್ಲ. ಮಾವ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಒಂದೊಂದನ್ನೂ ಕೈಯಿಂದ ಸವರಿ ನೋಡುತ್ತಿದ್ದಾಗ ಬೆರಳಿಗೆ ಚುಚ್ಚಿತು. ಒಂದೇ ಏಟಿಗೆ ಬೀಳಬೇಕಾದ ದಿಂಡು ಅದು. ಒಡಿಕತ್ತಿ ತಂತಿಗೆ ಬಡಿದು ನಿಂತಿದ್ದರೆ ಕಡಿದವನ ಮರ್ಯಾದೆ ಏನಾಗಬೇಕು? ರಾತ್ರಿ ಹನ್ನೊಂದಕ್ಕೆ ಕೂತು ಎಲ್ಲ ಬಿಚ್ಚಿ ಬಾಳೆನಾರಿನಿಂದ ಕಟ್ಟಿದೆವು. ನಿಮ್ಮ ಡೆಕೊರೇಷನ್‌ನವರಿಗೆ ಇದನ್ನು ಬರೆದೇ ಕೊಡಿ. ಬಾಯಲ್ಲಿ ಹೇಳಿದರೆ ತಲೆ ಆಡಿಸುತ್ತಾರೆ.

600 ಜನ ಅಂದಿರಿ. ಸ್ವಲ್ಪ ಲೆಕ್ಕ ಹಾಕೋಣ. ಹರಸೋದಕ್ಕೆ ಒಬ್ಬರಿಗೆ ಅರ್ಧ ನಿಮಿಷ ಅಂದರೂ 600 ಜನಕ್ಕೆ 300 ನಿಮಿಷ. ಐದು ಗಂಟೆ. ಮುಹೂರ್ತ, ಅಂದರೆ ಈ ಹರಸುವ ಶಾಸ್ತ್ರ, ಹುಡುಗ ಹುಡುಗಿ ಎರಡೂ ಕಡೆ ಬೇರೆ ಬೇರೆ ಆಗಿ ಜನ ಹಂಚಿಹೋದರೂ ಸಾಲು ಉದ್ದವೇ. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸುವ ದಂಪತಿ ಮುಹೂರ್ತ ಬೇರೆ ಇದೆ. ಹಾಲ್‌ನವರು ಊಟದ ಹೊತ್ತು ಆಯಿತು ಅಂತ ಅವಸರ ಮಾಡುತ್ತಾರೆ. ಫೋಟೊದವನು "ಮುಂದೆ ಬನ್ನಿ, ಮುಂದೆ ಬನ್ನಿ" ಅಂತ ಶುರು ಮಾಡುತ್ತಾನೆ. ಎಂಬತ್ತು ದಾಟಿದ ಅಜ್ಜಿ ನಡುಗುವ ಕೈಯಲ್ಲಿ ಕಿಂಡಿ ಎತ್ತುವಾಗ ಹಿಂದಿನಿಂದ ಯಾರೋ ತಳ್ಳುತ್ತಾರೆ. ಎಷ್ಟೇ ಖರ್ಚು ಮಾಡಿದ ಮದುವೆಯೂ ಅಲ್ಲಿ ಸಂತೆ ಆಗಿಬಿಡುತ್ತದೆ.

ನಾವು 350ಕ್ಕೆ ಇಳಿಸಿದೆವು. ಅಪ್ಪನಿಗೆ ಇಷ್ಟ ಇರಲಿಲ್ಲ. "ಅವರ ಮನೆ ಮದುವೆಗೆ ನಾವು ಹೋಗಿಲ್ವಾ?" ಅಂತ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಹಿಂದಿನ ಸಂಜೆ ಊರು ಕೂಡುವುದಕ್ಕೆ ಊರಿಗೆ ಊರೇ ಬರಲಿ, ಕುಣಿಯಲಿ, ಉಣ್ಣಲಿ. ಮುಹೂರ್ತಕ್ಕೆ ಮಾತ್ರ ಹತ್ತಿರದವರು. ಇದು ಹೊರದೇಶದಲ್ಲಿ ಕಲಿತು ಬಂದ ಶೋಕಿ ಅಂತ ಕೆಲವರು ಅಂದರು. ಅನ್ನಲಿ. ನನ್ನನ್ನು ಹರಸಿದ ಪ್ರತಿಯೊಬ್ಬರ ಮುಖವೂ ನನಗೆ ನೆನಪಿದೆ.

ಸಾಲಿನ ಪಕ್ಕದಲ್ಲಿ ಒಂದಿಪ್ಪತ್ತು ಕುರ್ಚಿ ಹಾಕಿಸಿ. ವಯಸ್ಸಾದವರು ಕೂತು ಕಾಯಲಿ, ಅವರ ಸರದಿ ಬಂದಾಗ ಒಬ್ಬ ಹುಡುಗ ಕೈ ಹಿಡಿದು ಕರೆದುಕೊಂಡು ಬರಲಿ. ಇಡೀ ಮದುವೆಯಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಇನ್ನು ಸಂಜೆಯ ರಿಸೆಪ್ಶನ್. ಅದೇ ದಿನ ಇಡಬೇಡಿ. ಇಟ್ಟರೆ ಗಂಗಾಪೂಜೆ ಎಲ್ಲಿಗೆ ಹಾಕುತ್ತೀರಿ? ಅದಕ್ಕೆ ಆಮೇಲೆ ಬರುತ್ತೇನೆ. ಸಿಂಗಪುರದ ಗೆಳೆಯರಿಗೆ, ಆಫೀಸಿನವರಿಗೆ ಪ್ರತ್ಯೇಕವಾಗಿ ಏನಾದರೂ ಮಾಡಲೇಬೇಕು ಅಂದರೆ ಎರಡು ದಿನ ಬಿಟ್ಟು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಒಂದು ಊಟ ಇಡಿ. ಹೇಗಿದ್ದರೂ ಅವರು ಆ ದಾರಿಯಲ್ಲೇ ವಾಪಸ್ ಹೋಗಬೇಕು.

ಡಿಸೆಂಬರ್ ಬಗ್ಗೆ. ಹೊರದೇಶದಲ್ಲಿರುವ ನಮಗೆಲ್ಲ ರಜೆ ಸಿಗೋದೇ ಆಗ, ಗೊತ್ತು. ಆದರೆ ಕೊಡಗಿನಲ್ಲಿ ಅದು ಅರೇಬಿಕಾ ಕುಯ್ಲಿನ ಕಾಲ. ಕಣದಲ್ಲಿ ಕಾಫಿ ಹರವಿ ಮದುವೆಗೆ ಬಂದವರು ಆಕಾಶದಲ್ಲಿ ಒಂದು ಮೋಡ ಕಂಡರೆ ಊಟ ಬಿಟ್ಟು ಎದ್ದು ಹೋಗುತ್ತಾರೆ. ಅವರನ್ನು ಬೈಯುವ ಹಾಗಿಲ್ಲ, ವರ್ಷದ ದುಡಿಮೆ ಅಂಗಳದಲ್ಲಿ ಬಿದ್ದಿರುತ್ತೆ. ಅದರ ಜೊತೆಗೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಮಡಿಕೇರಿ ಪ್ರವಾಸಿಗರದು, ನಮ್ಮದಾಗಿರುವುದಿಲ್ಲ. ರಾಜಾಸೀಟ್ ಕಡೆ ಕಾರು ತಿರುಗಿಸುವುದೇ ಕಷ್ಟ. ರೂಮಿನ ಬಾಡಿಗೆ ಕೇಳಿದರೆ ಸಿಂಗಪುರವೇ ವಾಸಿ ಅನ್ನಿಸುತ್ತದೆ. ಡಿಸೆಂಬರ್ ಬಿಟ್ಟು ಬೇರೆ ದಾರಿಯೇ ಇಲ್ಲ ಅಂದರೆ ಮೊದಲ ಎರಡು ವಾರದಲ್ಲಿ, ಶನಿವಾರ ಭಾನುವಾರ ಬಿಟ್ಟು ಇಟ್ಟುಕೊಳ್ಳಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಯಾವತ್ತು ಬರುತ್ತದೆ ಅಂತ ನೋಡಿಕೊಂಡು.

ನನ್ನ ಆಯ್ಕೆ ಏಪ್ರಿಲ್ ಕೊನೆ. ಕುಯ್ಲು ಮುಗಿದಿರುತ್ತದೆ, ಜನ ಬಿಡುವಾಗಿರುತ್ತಾರೆ. ಮಧ್ಯಾಹ್ನದ ಮೇಲೆ ಗುಡುಗು ಸಹಿತ ಒಂದು ಮಳೆ ಬಿದ್ದರೂ ಬೀಳಬಹುದು, ಆದ್ದರಿಂದ ಊಟದ ಚಪ್ಪರಕ್ಕೆ ಬಟ್ಟೆ ಸಾಲದು, ತಗಡು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಯೋಚನೆಯೇ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ರಸ್ತೆ ಎಷ್ಟು ಕಾಲ ಮುಚ್ಚಿತ್ತು ಅಂತ ನಿಮ್ಮ ಮನೆಯವರಿಗೆ ನೆನಪಿರುತ್ತದೆ.

ಹಾಲ್ ಸಿಕ್ಕಿದ ದಿನವೇ ನಿಮ್ಮ ದಿನಾಂಕ ಅಂದುಕೊಳ್ಳಿ. ಪಟ್ಟಣದೊಳಗೆ ಇಷ್ಟು ಜನ ಹಿಡಿಯುವ, ಗಾಡಿ ನಿಲ್ಲಿಸಲು ಜಾಗ ಇರುವ ಹಾಲ್‌ಗಳು ಬೆರಳೆಣಿಕೆ. ಕೊಡವ ಸಮಾಜಕ್ಕೆ ಫೋನ್ ಮಾಡಿ ಸಾಕು ಅನ್ನಬೇಡಿ, ಊರಿನಲ್ಲಿರುವ ಯಾರಾದರೂ ಖುದ್ದಾಗಿ ಹೋಗಿ ಮುಂಗಡ ಕೊಟ್ಟು ರಸೀದಿ ತರಲಿ. ಗಡಿಯಾರದ ವ್ಯತ್ಯಾಸದಲ್ಲಿ ನಾನು ಮೂರು ದಿನ ತಡ ಮಾಡಿ ಒಂದು ಒಳ್ಳೆಯ ದಿನ ಕಳೆದುಕೊಂಡೆ.

ಹೊರಗಿನಿಂದ ಬರುವವರಿಗೆ ದಾರಿಯ ಬಗ್ಗೆ ಮೊದಲೇ ನಿಜ ಹೇಳಿ. ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲಿನಲ್ಲಿ ಬಂದರೆ ಅಲ್ಲಿಂದ ಇನ್ನೂ ಸುಮಾರು 120 ಕಿಲೋಮೀಟರ್. ಬೆಂಗಳೂರಿನಲ್ಲಿ ವಿಮಾನ ಇಳಿದವರಿಗೆ ಆರು ಗಂಟೆಯ ದಾರಿ ಅಂತಲೇ ಹೇಳಿ, ಬೇಗ ತಲುಪಿದರೆ ಖುಷಿ ಪಡುತ್ತಾರೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ವಿಮಾನ ನಿಲ್ದಾಣ ಕಿಲೋಮೀಟರ್ ಲೆಕ್ಕದಲ್ಲಿ ಹತ್ತಿರ, ನಿಮ್ಮ ಹುಡುಗನ ಕಡೆಯವರಿಗೆ ಇನ್ನೂ ಹತ್ತಿರ. ಆದರೆ ಮಾಕುಟ್ಟ ಘಟ್ಟದ ತಿರುವುಗಳಲ್ಲಿ ನನ್ನ ಡಬ್ಲಿನ್ ಗೆಳತಿ ಎರಡು ಸಲ ಗಾಡಿ ನಿಲ್ಲಿಸಿದಳು. ಕಾರಿನಲ್ಲಿ ಶುಂಠಿ ಮಿಠಾಯಿ ಇಡಿ. ಬಂದವರು ಒಂದು ರಾತ್ರಿ ಸುಮ್ನೆ ಮಲಗಲಿ, ಅದೇ ದಿನ ಕಾರ್ಯಕ್ರಮಕ್ಕೆ ಎಳೆಯಬೇಡಿ.

ಊಟದ ಬಗ್ಗೆ ನಾನು ಹೇಳಬೇಕಾದ್ದು ಕಡಿಮೆ. ಪಂದಿಕರಿ (ಹಂದಿಮಾಂಸದ್ದು), ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ), ಕೋಳಿ ಇದ್ದರೆ ಬೇರೆ ಇಪ್ಪತ್ತು ಬಗೆ ಯಾಕೆ ಬೇಕು? ಪಾಸ್ತಾ ಕೌಂಟರ್ ಇಟ್ಟ ಒಂದು ಮದುವೆಗೆ ಹೋಗಿದ್ದೆ, ಅದರ ಹತ್ತಿರ ಇದ್ದವನು ಪಾಸ್ತಾ ಮಾಡುವವನೊಬ್ಬನೇ. ಸಸ್ಯಾಹಾರಿಗಳಿಗೆ ಮಾತ್ರ ಅಡುಗೆಯೂ ಬಡಿಸುವ ಜಾಗವೂ ಪೂರ್ತಿ ಬೇರೆ ಇರಲಿ. ಹಾಲ್‌ನಲ್ಲಿ ಮದ್ಯ ಕೊಡುವುದಾದರೆ ಅಬಕಾರಿ ಇಲಾಖೆಯ ಒಂದು ದಿನದ ಪರವಾನಗಿ, ಅಂದರೆ ಸಿಎಲ್-5, ಮೊದಲೇ ತೆಗೆದಿಡಿ. ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವ ಹಾಗಿಲ್ಲ, ಡಿಜೆ ಇಡಬೇಕು ಅಂತ ಹಟ ಹಿಡಿದ ತಮ್ಮಂದಿರಿಗೆ ಇದನ್ನು ತೋರಿಸಿ.

ಕಾಗದಪತ್ರದ ವಿಷಯದಲ್ಲಿ ನಾನು ಪಟ್ಟ ಪಾಡು ನೀವು ಪಡಬೇಡಿ. ನಮ್ಮಲ್ಲಿ ಮನೆಹೆಸರು ಮುಂದೆ, ನಮ್ಮ ಹೆಸರು ಹಿಂದೆ. ಪಾಸ್‌ಪೋರ್ಟ್‌ನಲ್ಲಿ ಅದು ತಿರುಗಿ, ಆಧಾರ್‌ನಲ್ಲಿ ಬರೀ ಇನಿಶಿಯಲ್ ಆಗಿ, ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರಾಗಿ ಕೂತಿತ್ತು. ನೋಂದಣಿಗೆ ಹೋದಾಗ ಮೂರು ಕಾಗದದಲ್ಲಿ ಮೂರು ಹೆಂಗಸರು. ನಗುವ ವಿಷಯ ಅಲ್ಲ, ನನ್ನ ರಜೆಯ ಎಂಟು ದಿನ ಅದಕ್ಕೇ ಹೋಯಿತು. ಪತ್ರಿಕೆ ಅಚ್ಚು ಹಾಕಿಸುವ ಮೊದಲು ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಮದುವೆಯಾದ ವಾರದಲ್ಲೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಆ ಪ್ರಮಾಣಪತ್ರವನ್ನು ವೀಸಾಕ್ಕೆ ಹೊರದೇಶದಲ್ಲಿ ತೋರಿಸಬೇಕಾದರೆ ದಾಖಲೆ ಅಸಲಿ ಅಂತ ಹೇಳುವ ಅಪೊಸ್ಟಿಲ್ ಮುದ್ರೆ ಕೇಳಬಹುದು, ಅದಕ್ಕೂ ನಾಲ್ಕು ದಿನ ಕೈಯಲ್ಲಿರಲಿ. ಇದನ್ನು ಓದುವ ಬೇರೆ ಯಾರಾದರೂ ಬೇರೆ ಧರ್ಮದವರನ್ನೋ ವಿದೇಶದವರನ್ನೋ ಮದುವೆಯಾಗುವುದಾದರೆ 1954ರ ವಿಶೇಷ ವಿವಾಹ ಕಾಯ್ದೆ ಬರುತ್ತದೆ. ಅದರಲ್ಲಿ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು, ನೋಟಿಸ್ ಕೊಟ್ಟ ಮೇಲೆ ಮತ್ತೆ 30 ದಿನ ಕಾಯಬೇಕು. ಮೂರು ವಾರದ ರಜೆಯಲ್ಲಿ ಆಗುವ ಕೆಲಸ ಅಲ್ಲ.

ಗಂಗಾಪೂಜೆ. ನಮ್ಮ ಮಾತಲ್ಲಿ ನೀರ್ ಎಡ್‌ಪ. ಮದುಮಗಳು ಬಾವಿಗೆ ಪೂಜೆ ಮಾಡಿ, ತಲೆ ಮೇಲೆ ನೀರಿನ ಬಿಂದಿಗೆ ಹೊತ್ತು ಬರಬೇಕು. ಹುಡುಗನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದಿಲ್ಲ. ನಮ್ಮ ಹಾಲ್‌ನಲ್ಲಿ ಬಾವಿ ಇರಲಿಲ್ಲ, ಹಿಂಬದಿಯ ನಲ್ಲಿಗೇ ಹೂ ಸುತ್ತಿ ಬಾವಿ ಮಾಡಿದ್ದರು. ಅಲ್ಲಿಂದ ಮೆಟ್ಟಿಲಿಗೆ ಮೂವತ್ತು ಹೆಜ್ಜೆ ಇರಬಹುದು. ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಒಂದು ಹೆಜ್ಜೆ ಇಟ್ಟರೆ ನಾಲ್ಕು ಜನ ಅಡ್ಡ. ವಾಲಗದವರು ನಿಲ್ಲಿಸಿದರೆ ಯಾರೋ ಮತ್ತೆ ನೋಟು ಕೊಡುತ್ತಾರೆ. ಘಟ್ಟದಲ್ಲಿ ಬಿಳಿಚಿಕೊಂಡಿದ್ದ ನನ್ನ ಗೆಳತಿ ಆ ಹೊತ್ತಿಗೆ ಹುಡುಗನ ಚಿಕ್ಕಪ್ಪಂದಿರ ನಡುವೆ ಸೇರಿಕೊಂಡು ನನಗೇ ಅಡ್ಡ ನಿಂತು ಕುಣಿಯುತ್ತಿದ್ದಳು. "ಬಿಡೇ" ಅಂದೆ ಕನ್ನಡದಲ್ಲಿ. ಕೇಳಿಸಲಿಲ್ಲ.

ಅದಕ್ಕೇ ಹೇಳಿದ್ದು, ಆ ಸಂಜೆಗೆ ಬೇರೇನೂ ಇಡಬೇಡಿ. ಮತ್ತೆ ಬಿಂದಿಗೆಯ ಅಡಿಗೆ ಇಡುವ ಸಿಂಬಿಯನ್ನು ಈಗಲೇ ಯಾರಿಗಾದರೂ ಹೇಳಿ ದಪ್ಪಗೆ ಮಾಡಿಸಿಟ್ಟುಕೊಳ್ಳಿ. ನನ್ನದು ತೆಳ್ಳಗಿತ್ತು. ನೋಂದಣಿ ಕಚೇರಿಯ ಫೋಟೊದಲ್ಲಿ ಇವತ್ತಿಗೂ ನನ್ನ ಕತ್ತು ಎಡಕ್ಕೇ ವಾಲಿದೆ.