‘ಬೆಳಗಿನವರೆಗೆ ಕಾಯ್ದದ್ದು ತಪ್ಪಾಯಿತಾ?’: ಸ್ಟ್ರೋಕ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಯಿಲೆಯ ಬಗ್ಗೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಆಗುವ ಸ್ಟ್ರೋಕ್, ಅಂದರೆ ನಾವು ಲಕ್ವ, ಪಾರ್ಶ್ವವಾಯು ಅನ್ನುವುದು. ಇದರ ಚಿಕಿತ್ಸೆಯ ಸಂಶೋಧನೆಯೇ ನನ್ನ ಕೆಲಸ. ಹಾಗಾಗಿ ಕೆಲವು ಉತ್ತರ ಉದ್ದವಾಗಿವೆ.

ಪ್ರಶ್ನೆ: ರಾತ್ರಿ ಊಟದ ಹೊತ್ತಿಗೆ ನಮ್ಮ ಮಾವನವರ ಬಲಗೈ ಸೋತಿತು, ಮಾತು ತೊದಲಿತು. ಸುಸ್ತಿರಬೇಕು, ಮಲಗಿದರೆ ಸರಿಹೋಗುತ್ತದೆ ಅಂದುಕೊಂಡೆವು. ಬೆಳಗ್ಗೆ ಆಸ್ಪತ್ರೆಗೆ ಹೋದರೆ, ನಾಲ್ಕೂವರೆ ಗಂಟೆ ದಾಟಿದೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲಾಗುವುದಿಲ್ಲ ಅಂದರು. ಈ ನಾಲ್ಕೂವರೆ ಗಂಟೆ ಎಲ್ಲಿಂದ ಬಂತು? ನಾವು ಕಾಯ್ದದ್ದು ತಪ್ಪಾಯಿತಾ?

ಎದೆನೋವು ಬಂದರೆ ಮನೆಯೆಲ್ಲ ಎದ್ದು ಓಡುತ್ತದೆ. ಇಂಥ ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಅದಕ್ಕೇ ಎಷ್ಟೋ ಮನೆಗಳಲ್ಲಿ ರೋಗಿಯನ್ನು ಮಲಗಿಸಿ, ಬೆಳಗ್ಗೆ ನೋಡೋಣ ಅನ್ನುತ್ತಾರೆ. ನಿಮ್ಮ ಮನೆಯವರು ಪ್ರೀತಿಯಿಂದಲೇ ಹಾಗೆ ಮಾಡಿದ್ದು, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಸುಮ್ನೆ ಸಮಾಧಾನದ ಮಾತು ಹೇಳಲಾರೆ. ರಾತ್ರಿಯೇ ಹೋಗಿದ್ದರೆ ಡಾಕ್ಟರ ಕೈಯಲ್ಲಿ ಇನ್ನೊಂದೆರಡು ದಾರಿ ಇರುತ್ತಿತ್ತು.

ಯಾಕೆ ಅಂತ ಹೇಳುತ್ತೇನೆ. ನಾಳ ಕಟ್ಟಿಕೊಂಡ ತಕ್ಷಣ ಆ ಭಾಗದ ಮಿದುಳು ಪೂರ್ತಿ ಸಾಯುವುದಿಲ್ಲ. ನಡುವಿನ ಒಂದಿಷ್ಟು ಜಾಗ ಬೇಗ ಸಾಯುತ್ತದೆ. ಅದರ ಸುತ್ತ ಇರುವ ಜಾಗಕ್ಕೆ ಅಕ್ಕಪಕ್ಕದ ಸಣ್ಣ ನಾಳಗಳಿಂದ ಸ್ವಲ್ಪ ರಕ್ತ ಬರುತ್ತಲೇ ಇರುತ್ತದೆ. ಅಲ್ಲಿನ ಜೀವಕೋಶಗಳು ಕೆಲಸ ನಿಲ್ಲಿಸಿರುತ್ತವೆ, ಆದರೆ ಜೀವ ಹಿಡಿದುಕೊಂಡಿರುತ್ತವೆ. ಇದಕ್ಕೆ ನಾವು ಪೆನಂಬ್ರಾ ಅನ್ನುತ್ತೇವೆ. ಗ್ರಹಣದ ಹೊತ್ತಿನಲ್ಲಿ ಗಾಢ ನೆರಳಿನ ಸುತ್ತ ಒಂದು ಅರೆನೆರಳು ಬೀಳುತ್ತದೆ ಅಲ್ವಾ, ಅದರ ಹೆಸರೇ ಇದು. ಕೈ ಎತ್ತಲಾಗದ ರೋಗಿಯ ಮಿದುಳಿನಲ್ಲಿ ಆ ಕೈಯನ್ನು ಆಡಿಸುವ ಜಾಗ ಇನ್ನೂ ಅರೆನೆರಳಿನಲ್ಲೇ ಇರಬಹುದು. ರಕ್ತ ಮತ್ತೆ ಹರಿದರೆ ಅದು ಉಳಿಯುತ್ತದೆ, ಹರಿಯದಿದ್ದರೆ ಗಂಟೆಗಳು ಕಳೆದಂತೆ ಅದೂ ಹೋಗುತ್ತದೆ. ದೊಡ್ಡ ನಾಳ ಕಟ್ಟಿಕೊಂಡ ಸ್ಟ್ರೋಕಿನಲ್ಲಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಎಂದು ಅಮೆರಿಕದ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಈ ವಿಷಯಕ್ಕೆ ಬಂದ ಹೊಸದರಲ್ಲಿ ಆ ಅಂಕಿ ಓದಿ ನಾನು ಎದುರಿನ ಗೋಡೆ ಗಡಿಯಾರವನ್ನೇ ನೋಡುತ್ತ ಕೂತಿದ್ದೆ.

ಇನ್ನು ನಾಲ್ಕೂವರೆ ಗಂಟೆಯ ಲೆಕ್ಕ. ಆಲ್ಟಿಪ್ಲೇಸ್ ಅನ್ನುವ ಹೆಪ್ಪು ಕರಗಿಸುವ ಔಷಧವನ್ನು ಅಮೆರಿಕದಲ್ಲಿ 624 ರೋಗಿಗಳ ಮೇಲೆ ಪರೀಕ್ಷಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ಬರೀ ದ್ರಾವಣ. ಮೂರು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ, ಮೂರು ತಿಂಗಳ ನಂತರ ಊನ ಇಲ್ಲದೆ ಅಥವಾ ತೀರಾ ಕಡಿಮೆ ಊನದೊಂದಿಗೆ ಉಳಿಯುವ ಸಾಧ್ಯತೆ ಕನಿಷ್ಠ ಶೇ 30ರಷ್ಟು ಜಾಸ್ತಿ ಇತ್ತು. ಅಪಾಯವೂ ಇತ್ತು. ರೋಗಿಯ ಸ್ಥಿತಿ ಕೆಡಿಸುವಂಥ ಮಿದುಳಿನ ರಕ್ತಸ್ರಾವ ಔಷಧ ಪಡೆದವರಲ್ಲಿ ಶೇ 6.4, ಉಳಿದವರಲ್ಲಿ ಶೇ 0.6. ಆಮೇಲೆ ಯುರೋಪಿನ ಒಂದು ಅಧ್ಯಯನ ಮೂರರಿಂದ ನಾಲ್ಕೂವರೆ ಗಂಟೆಯ ನಡುವೆ ಕೊಟ್ಟು ನೋಡಿತು. 2008ರಲ್ಲಿ ಬಂದ ಫಲಿತಾಂಶದಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ಔಷಧದ ಗುಂಪಿನಲ್ಲಿ ಶೇ 52.4, ಇನ್ನೊಂದರಲ್ಲಿ ಶೇ 45.2. ಲಾಭ ಇದೆ, ಆದರೆ ಆಗಲೇ ಇಳಿಯುತ್ತಿದೆ. ಹೊತ್ತು ಕಳೆದಷ್ಟೂ ಉಳಿಸಬಹುದಾದ ಜಾಗ ಕಡಿಮೆಯಾಗುತ್ತದೆ, ರಕ್ತಸ್ರಾವದ ಭಯ ಮಾತ್ರ ಹಾಗೇ ಇರುತ್ತದೆ. ನಿಮ್ಮ ಡಾಕ್ಟರು ಹೇಳಿದ ಗಡಿ ಬಂದದ್ದು ಅಲ್ಲಿಂದ.

ಈಗ ಮಾಡಬೇಕಾದದ್ದು ಫಿಸಿಯೋಥೆರಪಿ, ಮಾತಿನ ತರಬೇತಿ, ಬಿಪಿ, ಸಕ್ಕರೆ ಹತೋಟಿ. ಮೊದಲ ಕೆಲವು ತಿಂಗಳಲ್ಲೇ ಚೇತರಿಕೆ ಜಾಸ್ತಿ, ಒಂದು ದಿನವೂ ಬಿಡಬೇಡಿ.

ಪ್ರಶ್ನೆ: ಹೃದಯಾಘಾತ ಅನಿಸಿದರೆ ಆಸ್ಪಿರಿನ್ ಅಗಿಯಲು ಹೇಳುತ್ತಾರೆ. ಸ್ಟ್ರೋಕ್ ಅನಿಸಿದರೂ ಮನೆಯಲ್ಲೇ ಒಂದು ಕೊಡಬಹುದಾ?

ಬೇಡ. ಸ್ಟ್ರೋಕಿನಲ್ಲಿ ಎರಡು ಬಗೆ: ನಾಳ ಕಟ್ಟಿಕೊಳ್ಳುವುದು, ನಾಳ ಒಡೆಯುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಸೊಟ್ಟ ಬಾಯಿ, ಅದೇ ಸೋತ ಕೈ. ಎಷ್ಟೇ ಅನುಭವ ಇರುವ ಡಾಕ್ಟರಾದರೂ ಸ್ಕ್ಯಾನ್ ಇಲ್ಲದೆ ಖಚಿತವಾಗಿ ಹೇಳಲಾರರು. ಒಡೆದ ನಾಳಕ್ಕೆ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವ ಹೆಚ್ಚಬಹುದು. ನುಂಗುವ ಶಕ್ತಿ ಹೋಗಿದ್ದರೆ ಮಾತ್ರೆ, ನೀರು ಶ್ವಾಸನಾಳಕ್ಕೂ ಇಳಿಯಬಹುದು. ಹಾಗಾಗಿ ಬಾಯಿಗೆ ಏನನ್ನೂ ಹಾಕಬೇಡಿ.

ಸ್ಕ್ಯಾನ್ ಮಾಡುವ ಯಂತ್ರವನ್ನೇ ಆಂಬುಲೆನ್ಸಿನೊಳಗೆ ಇಟ್ಟು ರೋಗಿಯ ಬಳಿಗೆ ಕಳಿಸಬಹುದಲ್ಲ ಅಂತ ಯೋಚಿಸಿದವರು ಜರ್ಮನಿಯ ಹೊಂಬುರ್ಗ್‌ನ ಕ್ಲಾಸ್ ಫಾಸ್‌ಬೆಂಡರ್. ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರೆ ಬಂದಾಗಿನಿಂದ ಚಿಕಿತ್ಸೆ ನಿರ್ಧರಿಸುವವರೆಗಿನ ಹೊತ್ತು 76 ನಿಮಿಷದಿಂದ 35ಕ್ಕೆ ಇಳಿಯಿತು. ಅಂಥ ವಾಹನ ಎಲ್ಲ ಕಡೆ ಇಲ್ಲ. ಆದರೆ ಮನೆಯವರಿಂದ ಸಾಧ್ಯವಾಗುವ ಒಂದು ಕೆಲಸ ಇದೆ, ಡಾಕ್ಟರಿಗೆ ಅದು ತುಂಬ ಬೇಕು. ರೋಗಿ ಕೊನೆಯ ಸಲ ಸರಿಯಾಗಿದ್ದದ್ದನ್ನು ನೀವು ನೋಡಿದ್ದು ಎಷ್ಟು ಗಂಟೆಗೆ? ಬರೆದಿಟ್ಟುಕೊಳ್ಳಿ. ತೊಂದರೆ ಕಣ್ಣಿಗೆ ಬಿದ್ದ ಹೊತ್ತು ಬೇರೆ, ಕೊನೆಯ ಸಲ ಸರಿಯಾಗಿದ್ದ ಹೊತ್ತು ಬೇರೆ. ನಮ್ಮ ಲೆಕ್ಕ ಶುರುವಾಗುವುದು ಎರಡನೆಯದರಿಂದ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಚೀಟಿಯೂ ಜೊತೆಗಿರಲಿ.

ಪ್ರಶ್ನೆ: ನನ್ನ ಸಹೋದ್ಯೋಗಿಗೆ ಸ್ಟ್ರೋಕ್ ಆಗಿ 14 ಗಂಟೆ ಆದಮೇಲೆ ತೊಡೆಯ ಮೂಲಕ ತಂತಿ ಹಾಕಿ ಹೆಪ್ಪು ತೆಗೆದರು, ಈಗ ನಡೆದಾಡುತ್ತಿದ್ದಾರೆ. ಮತ್ತೆ ನಾಲ್ಕೂವರೆ ಗಂಟೆ ಅನ್ನುವುದು ಸುಳ್ಳಾ?

ಎರಡೂ ನಿಜ. ನಾಲ್ಕೂವರೆ ಗಂಟೆ ಮುಖ್ಯವಾಗಿ ಇಂಜೆಕ್ಷನ್ನಿನ ಲೆಕ್ಕ. ನಿಮ್ಮ ಸಹೋದ್ಯೋಗಿಗೆ ಮಾಡಿದ್ದು ಥ್ರಾಂಬೆಕ್ಟಮಿ. ತೊಡೆಸಂದಿನ ನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಏರಿಸಿ, ಬಲೆಯಂಥ ಸ್ಟೆಂಟಿನಲ್ಲಿ ಹೆಪ್ಪನ್ನು ಹಿಡಿದು ಎಳೆಯುತ್ತಾರೆ, ಇಲ್ಲವೇ ಹೀರಿ ತೆಗೆಯುತ್ತಾರೆ. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ಮಾತ್ರ ಇದು.

ಇದರ ಕಥೆ ನನಗೆ ತುಂಬ ಇಷ್ಟ. 2013ರಲ್ಲಿ ಮೂರು ಅಧ್ಯಯನ ಒಟ್ಟಿಗೆ ಬಂದವು, ಮೂರರಲ್ಲೂ ಲಾಭ ಕಾಣಲಿಲ್ಲ. ಈ ವಿಧಾನ ಮುಗಿಯಿತು ಎಂದು ಬಹಳ ಜನ ಅಂದುಕೊಂಡರು. ತಪ್ಪೆಲ್ಲಿ ಅಂತ ಕೆದಕಿದಾಗ ಗೊತ್ತಾಯಿತು, ಕೆಲವು ರೋಗಿಗಳಲ್ಲಿ ದೊಡ್ಡ ನಾಳ ಕಟ್ಟಿದೆಯೇ ಅಂತ ಮೊದಲು ಚಿತ್ರ ತೆಗೆದು ಖಚಿತ ಮಾಡಿಕೊಂಡಿರಲೇ ಇಲ್ಲ. ಹೆಚ್ಚಿನವರಿಗೆ ಬಳಸಿದ ಸಾಧನ ಹಳೆಯದು. ಚಿಕಿತ್ಸೆ ಶುರುವಾಗುವಾಗಲೂ ತಡವಾಗುತ್ತಿತ್ತು. ನೆದರ್‌ಲ್ಯಾಂಡ್ಸ್‌ನವರು ಕೈಬಿಡಲಿಲ್ಲ. 500 ರೋಗಿಗಳು, ಎಲ್ಲರಲ್ಲೂ ಕಟ್ಟಿದ ನಾಳವನ್ನು ಚಿತ್ರದಲ್ಲಿ ನೋಡಿಯೇ ಸೇರಿಸಿಕೊಂಡರು, ಹೊಸ ಸ್ಟೆಂಟ್ ಬಳಸಿದರು. ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ 19.1, ಥ್ರಾಂಬೆಕ್ಟಮಿಯ ಗುಂಪಿನಲ್ಲಿ ಶೇ 32.6. 2015ರಲ್ಲಿ ಇನ್ನೂ ನಾಲ್ಕು ಅಧ್ಯಯನ ಅದನ್ನೇ ಹೇಳಿದವು.

ಇದೆಲ್ಲ ಹೆಚ್ಚಾಗಿ ಮೊದಲ ಆರು ಗಂಟೆಯ ಮಾತು. 14 ಗಂಟೆ ಹೇಗೆ ಅಂದರೆ, ಕೆಲವರಿಗೆ ಅಕ್ಕಪಕ್ಕದ ಸಣ್ಣ ನಾಳಗಳು ಗಟ್ಟಿಯಾಗಿರುತ್ತವೆ, ಅವರಲ್ಲಿ ಅರೆನೆರಳಿನ ಜಾಗ ಬಹಳ ಹೊತ್ತು ಉಳಿಯುತ್ತದೆ. ಅಂಥವರನ್ನು ಸ್ಕ್ಯಾನಿನಲ್ಲಿ ಹುಡುಕಿ 6ರಿಂದ 24 ಗಂಟೆಯ ನಡುವೆ ಹೆಪ್ಪು ತೆಗೆದ ಡಾನ್ ಅನ್ನುವ ಅಧ್ಯಯನ ಒಂದು ವೈದ್ಯಕೀಯ ಪತ್ರಿಕೆಯ 2018ರ ಜನವರಿ ಸಂಚಿಕೆಯಲ್ಲಿ ಬಂತು. ಸ್ವತಂತ್ರವಾಗಿ ಬದುಕುವಷ್ಟು ಆದವರು ಶೇ 49, ಹೆಪ್ಪು ತೆಗೆಯದ ಗುಂಪಿನಲ್ಲಿ ಶೇ 13. ಹಾಗಂತ 24 ಗಂಟೆ ಇದೆ ಅಂತ ಯಾರೂ ಲೆಕ್ಕ ಹಾಕಬೇಡಿ. ನಿಮ್ಮ ಮಿದುಳು ನಿಧಾನವಾಗಿ ಸೋಲುವ ಜಾತಿಯದೋ ಬೇಗ ಸೋಲುವ ಜಾತಿಯದೋ ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಅಮ್ಮನನ್ನು ಸ್ಟ್ರೋಕಿಗೆ ಸೇರಿಸಿದ ಅರ್ಧ ಗಂಟೆಯಲ್ಲೇ ಒಂದು ಅಧ್ಯಯನಕ್ಕೆ ಸಹಿ ಕೇಳಿದರು. ಹೊಸ ಔಷಧ ಸಿಗುತ್ತದೋ ಇಲ್ಲವೋ ಕಂಪ್ಯೂಟರ್ ನಿರ್ಧರಿಸುತ್ತದೆ ಅಂದರು. ಅಮ್ಮ ಪ್ರಯೋಗದ ಇಲಿಯಾ ಅಂತ ಸಿಟ್ಟು ಬಂತು. ಸಹಿ ಮಾಡಲಿಲ್ಲ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಸಹಿ ಮಾಡದಿರುವುದು ನಿಮ್ಮ ಹಕ್ಕು, ಅದರಿಂದ ಅಮ್ಮನ ಚಿಕಿತ್ಸೆಯಲ್ಲಿ ಒಂದಿಷ್ಟೂ ಕಡಿಮೆ ಆಗಬಾರದು. ಇಂಥ ಸಹಿಗಳನ್ನು ಕೇಳುವ ಜಾಗದಲ್ಲಿ ನಾನೂ ನಿಂತಿದ್ದೇನೆ. ಎದುರಿಗೆ ಕಣ್ಣೀರು ತುಂಬಿಕೊಂಡ ಮಗಳು, ನನ್ನ ಕೈಯಲ್ಲಿ ಕಾಗದ. ಅದು ಸುಲಭವಲ್ಲ.

ಆದರೂ ಯಾಕೆ ಕೇಳುತ್ತೇವೆ? ನಮಗೆ ನಿಜವಾಗಿಯೂ ಉತ್ತರ ಗೊತ್ತಿರುವುದಿಲ್ಲ. ಮಿದುಳಿನ ಕೋಶಗಳನ್ನು ಕಾಪಾಡುತ್ತವೆ ಎಂದು ಪರೀಕ್ಷಿಸಿದ ಚಿಕಿತ್ಸೆಗಳನ್ನು 2006ರಲ್ಲಿ ಒಂದು ತಂಡ ಎಣಿಸಿತು. 1,026! ಪ್ರಾಣಿಗಳಲ್ಲಿ ಎಷ್ಟೋ ಕೆಲಸ ಮಾಡಿದ್ದವು, ಮನುಷ್ಯರಲ್ಲಿ ನಿಲ್ಲಲಿಲ್ಲ. ಎನ್‌ಎಕ್ಸ್‌ವೈ-059 ಅನ್ನುವ ಔಷಧ ಅದೇ ವರ್ಷ ಒಂದು ದೊಡ್ಡ ಅಧ್ಯಯನದಲ್ಲಿ ಗೆದ್ದಿತು. ಮರುವರ್ಷ 3,000ಕ್ಕೂ ಹೆಚ್ಚು ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಏನೂ ಪ್ರಯೋಜನವಿಲ್ಲ ಅಂತ ಬಂತು. ಎರಡನೆಯದು ನಡೆಯದಿದ್ದರೆ ಕೆಲಸಕ್ಕೆ ಬಾರದ ಔಷಧ ಜನರ ಮೈಗೆ ಹೋಗುತ್ತಿತ್ತು. ಹೃದಯಕ್ಕೆ ಒಳ್ಳೆಯದಾದ ಸ್ಟ್ರೆಪ್ಟೋಕೈನೇಸ್ ಅನ್ನುವ ಹೆಪ್ಪು ಕರಗಿಸುವ ಔಷಧ ಸ್ಟ್ರೋಕಿನಲ್ಲಿ ರಕ್ತಸ್ರಾವ ಹೆಚ್ಚಿಸುತ್ತದೆ ಅಂತ ತಿಳಿದದ್ದೂ ಹೀಗೇ. ಯಾರಿಗೆ ಯಾವುದು ಸಿಗಬೇಕು ಅಂತ ಡಾಕ್ಟರೇ ಆರಿಸಿದರೆ, ಚೇತರಿಸಿಕೊಳ್ಳುವಂತೆ ಕಾಣುವವರಿಗೇ ಹೊಸದನ್ನು ಕೊಟ್ಟುಬಿಡುತ್ತಾರೆ, ತಮಗೇ ಗೊತ್ತಿಲ್ಲದ ಹಾಗೆ. ಅದಕ್ಕೇ ಚೀಟಿ ಎತ್ತಿದಂತೆ ಕಂಪ್ಯೂಟರಿಗೆ ಬಿಡುವುದು.

ಮುಂದೆ ಯಾರಾದರೂ ಕೇಳಿದರೆ ಮೂರು ಮಾತು ಕೇಳಿ: ಮಾಮೂಲಿ ಚಿಕಿತ್ಸೆ ಪೂರ್ತಿ ಸಿಗುತ್ತದಾ, ಅಪಾಯ ಏನು, ನಡುವೆ ಹೊರಬರಬಹುದಾ. ಉತ್ತರ ಕೊಡಲು ಹಿಂದೇಟು ಹಾಕಿದರೆ ಸಹಿ ಮಾಡಬೇಡಿ.

ಪ್ರಶ್ನೆ: ಮೊನ್ನೆ ಹತ್ತು ನಿಮಿಷ ಎಡಗೈ ಜೋಮು ಹಿಡಿದು, ಬಾಯಿ ಸೊಟ್ಟಗಾಗಿ, ತಾನಾಗೇ ಸರಿಹೋಯಿತು. ಮುಂದಿನ ವಾರ ಡಾಕ್ಟರ ಹತ್ತಿರ ಹೋಗೋಣ ಅಂತಿದ್ದೇನೆ.

ಮುಂದಿನ ವಾರ ಬೇಡ, ಇದನ್ನು ಓದಿದ ಕೂಡಲೇ ಹೊರಡಿ. ಹೆಪ್ಪು ಬಂದು ನಾಳ ಕಟ್ಟಿ, ತಾನೇ ಕರಗಿ ಹೋಗಿರಬಹುದು. ಇಂಥದ್ದರ ನಂತರ ದೊಡ್ಡ ಸ್ಟ್ರೋಕ್ ಆಗುವ ಅಪಾಯ ಮೊದಲ ಎರಡು ದಿನ ಎಲ್ಲಕ್ಕಿಂತ ಜಾಸ್ತಿ, ಅದರಲ್ಲಿ ಒಂದಿಷ್ಟು ಹೊತ್ತು ನೀವು ಆಗಲೇ ಕಳೆದಿದ್ದೀರಿ. ಕುತ್ತಿಗೆಯ ನಾಳ, ಹೃದಯದ ಬಡಿತ, ಬಿಪಿ ಎಲ್ಲ ನೋಡಬೇಕು. ಗಾಡಿ ನೀವೇ ಓಡಿಸಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.