ಏಳು ವರ್ಷದ ಮಗಳಿಗೆ ಕ್ಯಾನ್ಸರ್ ಇರೋದನ್ನ ಅವಳಿಗೇ ಹೇಳಬೇಕಾ?

ಹೇಳಬೇಕು. ಅವಳಿಗೆ ತಿಳಿಯುವಷ್ಟು, ಸ್ವಲ್ಪ ಸ್ವಲ್ಪವಾಗಿ. ಮುಚ್ಚಿಟ್ಟರೂ ಮಕ್ಕಳಿಗೆ ಸುಳಿವು ಸಿಕ್ಕೇ ಸಿಗುತ್ತದೆ. ಅವ್ವ ಮೂಲೆಯಲ್ಲಿ ಅಳುತ್ತಾಳೆ, ತಾನು ಬಂದ ಕೂಡಲೇ ದೊಡ್ಡವರು ಮಾತು ನಿಲ್ಲಿಸುತ್ತಾರೆ. ಉಳಿದದ್ದನ್ನು ಮಗು ತಾನೇ ಊಹಿಸಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಊಹೆ ತನ್ನ ಕಡೆಗೇ ತಿರುಗೋದು ಜಾಸ್ತಿ: ‘ತಮ್ಮನಿಗೆ ಹೊಡೆದೆ, ಅದಕ್ಕೇ ಜಡ್ಡು ಬಂತು.’ ಹಾಗಾಗಿ ‘ಇದು ನಿನ್ನ ತಪ್ಪಲ್ಲ’ ಅನ್ನೋದನ್ನ ಮೊದಲು ಹೇಳಿ. ಅಂಟುರೋಗ ಅಲ್ಲ ಅಂತಲೂ ಹೇಳಿ. ಇದನ್ನು ಓಣಿಯವರಿಗೂ ಹೇಳಬೇಕಾಗುತ್ತದೆ, ಅಲ್ವಾ?

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ 2ರಿಂದ 3 ವರ್ಷ ನಡೆಯುತ್ತದೆ. ಅಷ್ಟು ದಿನ ಸುಳ್ಳು ನಿಲ್ಲೋದಿಲ್ಲ. ಆಳಂದದಿಂದ ಬಸ್ ಹತ್ತಿಸಿ, ಸುಮ್ನೆ ‘ಸೂಜಿ ಇಲ್ಲ’ ಅಂತ ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಕರೆತಂದರೆ ಮುಂದಿನ ಸಲ ಮಗು ನಿಮ್ಮನ್ನೇ ನಂಬೋದಿಲ್ಲ. ‘ಚುಚ್ಚುತ್ತಾರೆ, ಸ್ವಲ್ಪ ನೋಯುತ್ತದೆ, ನಾನು ಕೈ ಹಿಡ್ಕೊಂಡಿರ್ತೀನಿ’ ಅನ್ನಿ. ಕೂದಲು ಉದುರುವ ಮೊದಲೇ, ಅದು ಮತ್ತೆ ಬೆಳೆಯುತ್ತದೆ ಅಂತಲೂ ತಿಳಿಸಿ.

ಹದಿನಾರು ದಾಟಿದವರ ವಿಷಯ ಬೇರೆ. ಡಾಕ್ಟರ ಜೊತೆ ಒಂದಷ್ಟು ಹೊತ್ತು ಅವರೊಬ್ಬರೇ ಮಾತಾಡಲಿ. ಮುಂದೆ ಮಕ್ಕಳಾಗುತ್ತಾ ಅನ್ನೋ ಪ್ರಶ್ನೆಯನ್ನು ಅಪ್ಪನ ಎದುರು ಯಾರು ಕೇಳ್ತಾರೆ? ಕಿಮೋ, ಅಂದರೆ ಕ್ಯಾನ್ಸರ್‌ಗೆ ಕೊಡುವ ಔಷಧಿ, ಮಕ್ಕಳಾಗೋದಕ್ಕೆ ಅಡ್ಡಿಯಾಗಬಹುದು; ಹಾಗಾಗಿ ಅದನ್ನು ಕೇಳಬೇಕಾದದ್ದು ಕಿಮೋ ಶುರುವಾಗುವ ಮುಂಚೆಯೇ.