ಬಿ ಫಾರಂ ದೊಡ್ಡಪ್ಪನದು, ಸಹಿ ಮಗಳದು

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಎಂ.ಕಾಂ. ಓದುತ್ತಿರುವ 22ರ ಹುಡುಗಿ. ಆಪ್ತಸಮಾಲೋಚನೆಗೆಂದು ನನ್ನ ಹತ್ತಿರ ಕರೆದುಕೊಂಡು ಬಂದವರು ಅಮ್ಮ. "ಪರೀಕ್ಷೆ ಭಯ ಮೇಡಂ. ನಿದ್ದೆ ಇಲ್ಲ, ಊಟ ಸೇರಲ್ಲ" ಎಂದರು. ಅಮ್ಮನನ್ನು ಹೊರಗೆ ಕೂರಿಸಿ ಮಾತಾಡಿಸಿದರೆ ಪರೀಕ್ಷೆಯ ಸುದ್ದಿಯೇ ಬರಲಿಲ್ಲ. ಬಂದಿದ್ದು ನಗರಸಭೆ ಚುನಾವಣೆ.

ದೊಡ್ಡಪ್ಪ ಆ ವಾರ್ಡಿನ ಮಾಜಿ ಸದಸ್ಯರು. ಈ ಸಲ ವಾರ್ಡು ಮಹಿಳೆಗೆ ಮೀಸಲಾಯಿತು. ನಮ್ಮ ರಾಜ್ಯದ ನಗರಸಭೆ, ಪುರಸಭೆಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೇ ಇರುವುದರಿಂದ ಇದು ಬಹಳ ಮನೆಗಳ ಕತೆ. ದೊಡ್ಡಮ್ಮ ಒಲ್ಲೆ ಎಂದರು. ಸ್ಪರ್ಧಿಸಲು 21 ತುಂಬಿದರೆ ಸಾಕಲ್ಲ, ತಮ್ಮನ ಮಗಳಿದ್ದಾಳೆ ಎಂದಾಯಿತು.

ಬಲವಂತ ಅಂದುಕೊಳ್ಳಬೇಡಿ. ನಿಲ್ಲುವ ಆಸೆ ಅವಳಿಗೂ ಇತ್ತು. ಚರಂಡಿ, ಬೀದಿದೀಪ ಅಂತ ಕಾಲೇಜಿನ ಗೆಳತಿಯರ ಜೊತೆ ನಗರಸಭೆಗೆ ಅರ್ಜಿ ಕೊಟ್ಟು ಬಂದವಳು. 2020ರ ಕೊನೆಯಲ್ಲಿ 21ನೇ ವಯಸ್ಸಿಗೇ ತಿರುವನಂತಪುರದ ಮೇಯರ್ ಆದ ಆರ್ಯಾ ರಾಜೇಂದ್ರನ್ ಅವರ ಫೋಟೋ ಅವಳ ಮೊಬೈಲಿನಲ್ಲಿತ್ತು. ಆರ್ಯಾ ಆಗ ಬಿ.ಎಸ್ಸಿ. ವಿದ್ಯಾರ್ಥಿನಿ. ಆದರೆ ಚಿಕ್ಕಂದಿನಿಂದ ಮಕ್ಕಳ ಸಂಘಟನೆ, ವಿದ್ಯಾರ್ಥಿ ಸಂಘಟನೆಯಲ್ಲಿ ಬೆಳೆದವರು. ಫೋಟೋದಲ್ಲಿ ಅದು ಕಾಣಲ್ಲ, ಅಲ್ವಾ?

ಮನೆಯವರೆಲ್ಲ ನಿಲ್ಲು ಅನ್ನುತ್ತಿದ್ದಾರೆ, ಇವಳಿಗೂ ಮನಸ್ಸಿದೆ. ಹಾಗಾದರೆ ನಿದ್ದೆ ಯಾಕೆ ಹೋಯಿತು? ಅಚ್ಚಾಗಿ ಬಂದ ಕರಪತ್ರದಲ್ಲಿ ದೊಡ್ಡಪ್ಪನ ಫೋಟೋ ದೊಡ್ಡದು, ಇವಳದು ಮೂಲೆಯಲ್ಲಿ. ಕೆಳಗಿನ ಫೋನ್ ನಂಬರೂ ಅವರದೇ. "ನೀನು ಸೈನ್ ಮಾಡಮ್ಮ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದಿದ್ದರು. ಎದುರು ಮಾತಾಡುವ ಹಾಗಿಲ್ಲ. ಅಪ್ಪ ಕೆಲಸ ಮಾಡುವುದು ದೊಡ್ಡಪ್ಪನ ಅಂಗಡಿಯಲ್ಲೇ. ಜಗಳವೇ ಆಗದ ಮನೆಯಲ್ಲಿ ಇವಳು ಒಳಗೊಳಗೇ ಜಗಳ ಆಡುತ್ತಿದ್ದಳು.

ನಿಲ್ಲಬೇಡ ಅಂತ ನಾನು ಹೇಳಲಿ ಎಂಬುದು ಅಮ್ಮನ ಆಸೆ. ನಿಲ್ಲು ಎನ್ನುವುದೂ ಬೇಡ ಎನ್ನುವುದೂ ನನ್ನ ಕೆಲಸ ಅಲ್ಲ ಎಂದೆ. ಅಮ್ಮನಿಗೆ ಇಷ್ಟವಾಗಲಿಲ್ಲ.

ಹುಡುಗಿಗೆ ಹೇಳಿದ್ದು ಇಷ್ಟು. ಗೆಲ್ಲುತ್ತೀನಾ ಅನ್ನೋದನ್ನ ಸದ್ಯಕ್ಕೆ ಪಕ್ಕಕ್ಕಿಡು. ಯಾವ ಷರತ್ತಿಗೆ ನಿಲ್ಲುತ್ತೀಯ ಅಂತ ನಾಮಪತ್ರ ಸಲ್ಲಿಸುವ ಮೊದಲೇ ಮಾತಾಡು. ಸಲ್ಲಿಸಿದ ಮೇಲೂ ವಾಪಸ್ ಪಡೆಯುವ ಕೊನೇ ದಿನದವರೆಗೆ ದಾರಿ ಇದೆ, ಆಮೇಲೆ ಇಲ್ಲ. ಅಫಿಡವಿಟ್ಟಿಗೆ ಬೀಳುವುದು ನಿನ್ನ ಸಹಿ, ಚುನಾವಣಾ ಖರ್ಚಿನ ಲೆಕ್ಕ ಕೊಡಬೇಕಾದವಳೂ ನೀನೇ. ಲೆಕ್ಕ ತಪ್ಪಿದರೆ ಕೇಳುವುದು ನಿನ್ನನ್ನು, ದೊಡ್ಡಪ್ಪನನ್ನಲ್ಲ. ಕಾಮರ್ಸ್ ಓದಿದವಳಿಗೆ ಈ ಮಾತು ತಟ್ಟನೆ ಹಿಡಿಸಿತು. ಪರೀಕ್ಷೆ, ಹಾಜರಿ ಬಗ್ಗೆ ವಿಭಾಗದ ಮುಖ್ಯಸ್ಥರನ್ನು ಈಗಲೇ ಕಾಣು ಎಂದೂ ಹೇಳಿದೆ.

ಹೆಚ್ಚು ಹೊತ್ತು ಹೋಗಿದ್ದು ದೊಡ್ಡಪ್ಪನ ಹತ್ತಿರ ಹೇಗೆ ಮಾತಾಡೋದು ಅನ್ನುವುದಕ್ಕೆ. ನಾನೇ ದೊಡ್ಡಪ್ಪ ಆಗಿ ಕೂತೆ. ಮೊದಲ ಸಲ ಅವಳು "ಸರಿ ದೊಡ್ಡಪ್ಪ" ಎಂದು ಎರಡೇ ನಿಮಿಷಕ್ಕೆ ಸುಮ್ಮನಾದಳು. ಮತ್ತೆ ಮಾಡಿಸಿದೆ. ಮಾತು ಉದ್ದವಾದಷ್ಟೂ ಅವಳು ಕ್ಷಮೆ ಕೇಳತೊಡಗುತ್ತಿದ್ದಳು. ಹಾಗಾಗಿ ಮೂರೇ ಮಾತು ಉಳಿಸಿಕೊಂಡೆವು: ಕರಪತ್ರದಲ್ಲಿ ನನ್ನ ನಂಬರ್ ಇರಲಿ, ಓದದೆ ಸಹಿ ಹಾಕಲ್ಲ, ಗೆದ್ದರೆ ಸಭೆಗೆ ನಾನೇ ಹೋಗ್ತೀನಿ. ಅಪ್ಪನಿಗೆ ಇದನ್ನು ಮೊದಲೇ ತಿಳಿಸಬೇಕು ಎಂದೆ. ಕೆಲಸದ ಭಯ ಇರುವುದು ಅವರಿಗೆ. ಅವರು ಕೇಳಿಸಿಕೊಂಡು, "ನನ್ನ ಹೆಸರು ಎತ್ತಬೇಡ" ಎಂದರಂತೆ. ಅಡ್ಡಿ ಮಾಡಲಿಲ್ಲ, ಅದೇ ದೊಡ್ಡದು.

ನಂಬರ್ ಹಾಕಲು ದೊಡ್ಡಪ್ಪ ನಗುತ್ತಲೇ ಒಪ್ಪಿದರು. ಓದಿ ಸಹಿ ಮಾಡು, ಯಾರು ಬೇಡ ಅಂದರು ಎಂದರು. ಸಭೆಯ ವಿಷಯಕ್ಕೆ ಮಾತ್ರ "ಮೊದಲು ಗೆಲ್ಲು, ಆಮೇಲೆ ನೋಡೋಣ" ಎಂದು ಎದ್ದುಹೋದರು. ಹುಡುಗಿ ಎರಡು ದಿನ ಯೋಚಿಸಿ ಬೇಡ ಎಂದಳು. ಬಿ ಫಾರಂ, ಅಂದರೆ ಪಕ್ಷದ ಟಿಕೆಟ್ ಪತ್ರ, ದೊಡ್ಡಪ್ಪನ ಸೊಸೆಗೆ ಹೋಯಿತು.

ಈಗ ನಿದ್ದೆ ಬರುತ್ತಿದೆ. ಅಂಗಡಿಯಲ್ಲಿ ಅಪ್ಪನ ಜೊತೆ ದೊಡ್ಡಪ್ಪ ಸರಿಯಾಗಿ ಮಾತಾಡುತ್ತಿಲ್ಲವಂತೆ. ಮುಂದಿನ ವಾರ ಅಪ್ಪನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.